ಹಣ್ಣಾಗದ ಅಂಜೂರ

ಅಗೋ ಎಲೆ, ಐದು ಬೆರಳು ಬಿಚ್ಚಿಕೊಂಡು ಕಾಂಪೌಂಡಿನ ಮೇಲಿಂದ ಇಣುಕುತ್ತಿದೆ, ಮೈಯೆಲ್ಲ ಧೂಳು, ನಿಲ್ಲಿಸಪ್ಪಾ ನಿಲ್ಲಿಸು — ಅಲ್ಲ, ಪಪ್ಪಾಯಿ, ಥೂ ಇದರ, ಹೋಗು, ಮುಂದೆ ಹೋಗು, ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾನೆ, ನೋಡಲಿ, ಬಿಸಿಲಿಗೆ ಸೆರಗು ತಲೆಯ ಮೇಲೆ, ಕಾಲ ಹತ್ತಿರ ಒದ್ದೆ ಗೋಣಿತಾಟು ತುರುಕಿದ ಕೈಚೀಲ, ಅದರಿಂದ ನೀರು ಸೋರಿ ಅವನ ಆಟೋದ ನೆಲವೆಲ್ಲ ತೊಯ್ದಿದೆ, ಏನಮ್ಮ ಮೀನಾ ಅಂತ ಕೇಳಿದ, ಮೀನಲ್ಲಪ್ಪ ಅಂದೆ, ಮುಂದೆ ಹೇಳಲಿಲ್ಲ, ಹೇಳಿದರೆ ನಗುತ್ತಾನೆ, ಈ ಬಳ್ಳಾರಿಯಲ್ಲಿ ಇಷ್ಟೊಂದು ಪಪ್ಪಾಯಿ ಗಿಡ ಇವೆ ಅಂತ ನನಗೆ ಗೊತ್ತಾದದ್ದೇ ಈ ಚಳಿಗಾಲದಲ್ಲಿ, ಗೋಡೆಯಾಚೆ ಕಂಡದ್ದೆಲ್ಲ ಪಪ್ಪಾಯಿ, ಇಲ್ಲವೆಂದರೆ ಔಡಲ, ಒಮ್ಮೆಯಂತೂ ಒಣಹಾಕಿದ ಹಸಿರು ಟವೆಲ್ಲು ನೋಡಿ ಓಣಿಯೆಲ್ಲ ಸುತ್ತಿ ಬಂದೆ, ಕಂಡವರ ಹಿತ್ತಲಿಗೆ ಕತ್ತು ಚಾಚುವ ಹೆಂಗಸು, ಬ್ರೂಸ್‌ಪೇಟೆಯಲ್ಲಿ ಒಬ್ಬಾಕೆ ನನ್ನನ್ನು ಮಕ್ಕಳ ಕಳ್ಳಿ ಅಂದುಕೊಂಡು ಬಾಗಿಲು ಹಾಕಿಕೊಂಡಳು, ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಯಜಮಾನರು ಸರ್ವೇದವರಾ ಅಂತ ಕೇಳಿ ಆಧಾರ್ ಕಾರ್ಡ್ ತರಲು ಒಳಗೆ ಹೋದರು, ನಾನು ಕಾಯಲಿಲ್ಲ, ಹಿತ್ತಲು ಆಗಲೇ ನೋಡಿಯಾಗಿತ್ತು, ಬರೀ ದಾಸವಾಳ.

ಯಾವೂರಮ್ಮ ನಿಮ್ಮದು, ಆಟೋದವನಿಗೆ ಸುಮ್ಮನಿರಲು ಬಾರದು, ಸಿರುಗುಪ್ಪ ಅಂದೆ, ಅರ್ಧ ಸತ್ಯ, ಸಿರುಗುಪ್ಪ ಗಂಡನ ಮನೆ, ದೇಶನೂರಿನ ದಾರಿಯಲ್ಲಿ ಹಸಿರು ಪರದೆ ಕಟ್ಟಿದ ನಮ್ಮ ನರ್ಸರಿ, ಮೆಣಸಿನ ಸಸಿ ಬದನೆ ಸಸಿ ಚನ್ನಬಸಮ್ಮನ ಹತ್ತಿರವೇ ಒಯ್ಯಬೇಕು ಅಂತ ಮೋಕದಿಂದಲೂ ಟ್ರಾಕ್ಟರ್ ಕಟ್ಟಿಕೊಂಡು ಬರುತ್ತಾರೆ, ಸುಳ್ಳೇನಲ್ಲ, ನಾನು ಊರಿದ ಕಡ್ಡಿ ಚಿಗುರದೆ ಇದ್ದದ್ದಿಲ್ಲ, ಆದರೆ ಹುಟ್ಟಿದ್ದು ಕುರುಗೋಡು, ಗುಡ್ಡದ ಬಂಡೆಗಳ ಕೆಳಗೆ ಬಾವಿಯ ತೋಟ, ಅಪ್ಪನ ಕಾಲದಿಂದ ಅಂಜೂರ, ಈಗ ಅಣ್ಣ ಮೈಲಾರಪ್ಪನ ಕಾಲದಲ್ಲೂ ಅಂಜೂರ, ಬಳ್ಳಾರಿ ಸೀಮೆಯ ಕೆಂಪು ಅಂಜೂರ, ಬುಟ್ಟಿಯಲ್ಲಿ ಎಲೆ ಹಾಸಿ ಜೋಡಿಸಿದರೆ ಹೆಣ್ಣುಮಕ್ಕಳು ಸಾಲಾಗಿ ಊಟಕ್ಕೆ ಕೂತಂತೆ ಕಾಣುವ ಹಣ್ಣು, ಯಾರು ಬೇಡ ಅಂದರು ಅದನ್ನು, ಒಳ್ಳೆಯ ಹಣ್ಣೇ, ಆದರೆ ನಾನು ಹುಡುಕುತ್ತಿರುವುದು ಅದನ್ನಲ್ಲ. ನಾನು ಹುಡುಕುವುದು ಹಸಿರಂಜೂರ, ಹಣ್ಣಾದ ಮೇಲೂ ಹಸಿರಾಗಿಯೇ ಇರುವುದು, ಬಿಚ್ಚಿದರೆ ಒಳಗೆ ಮಾತ್ರ ಕೆಂಪೋ ಕೆಂಪು, ಬಾವಿಯ ದಂಡೆಗೆ ಒಂದೇ ಒಂದು ಗಿಡ ಇತ್ತು, ಅಜ್ಜಿಯದು, ನಾನಿನ್ನೂ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ವಯಸ್ಸು, ಎಲ್ಲರೂ ಏಳುವ ಮುಂಚೆ ಅಜ್ಜಿ ನನ್ನ ಕೈ ಹಿಡಿದು ಬಾವಿಗೆ ಕರೆದೊಯ್ಯುವಳು, ಎಲೆಗಳ ಒಳಗೆ ಕೈ ಹಾಕಿ ತಡಕಿ ತಡಕಿ ಒಂದನ್ನು ಕೀಳುವಳು, ಅವಳ ಕೈಯಲ್ಲಿ ಅದು ಅದೆಷ್ಟು ಮೆತ್ತಗೆ, ಅರ್ಧ ಅವಳಿಗೆ ಅರ್ಧ ನನಗೆ, ಯಾರಿಗೂ ಹೇಳಬ್ಯಾಡ ಚನ್ನಿ, ಹೇಳಿದರ ನಮಗ ಉಳಿಯಂಗಿಲ್ಲ, ಎಂಥ ಕಿಲಾಡಿ ಮುದುಕಿ, ಮನೆಮಂದಿಗೆಲ್ಲ ಅದು ಗೊಡ್ಡು ಗಿಡ, ಅಜ್ಜಿಗೂ ನನಗೂ ಮಾತ್ರ ಅದು ಗಿಡ. ಅಜ್ಜಿ ಹೋದ ವರ್ಷವೇ ಅಪ್ಪ ಗೊಡ್ಡು ಗಿಡ ಪಂಪಿನ ಪೈಪಿಗೆ ಅಡ್ಡ ಅಂತ ಅದನ್ನು ಬುಡಸಮೇತ ಕಿತ್ತು ಹಾಕಿಸಿದ, ನಾನು ಅತ್ತೆ, ಯಾಕೆ ಅಳುತ್ತೀಯ ಅಂತ ಕೇಳಿದರು, ಹಣ್ಣು ಅಂದೆ, ಯಾವ ಹಣ್ಣು ಅಂತ ನಕ್ಕರು.

ಆ ನಗೆಯೇನೋ ಈಗಲೂ ಮುಗಿದಿಲ್ಲ, ಮದುವೆಗೆ ಸೇರಿದರೂ ಅದೇ, ತೊಟ್ಟಿಲಿಗೆ ಸೇರಿದರೂ ಅದೇ, ಬಂದ್ಲು ನೋಡ್ರಿ ಹಸಿರಂಜೂರಿ ಅಂತ ಅಣ್ಣ ಶುರು ಮಾಡುವನು, ನಾನೂ ಬಿಡುತ್ತಿರಲಿಲ್ಲ, ನಿನಗ ನಾಲಿಗಿ ಇದ್ದರ ತಾನ ರುಚಿ ಅಂತ ತಿರುಗಿ ಕೊಡುತ್ತಿದ್ದೆ, ನಗೆಗೆ ನಗೆ, ಅದರಿಂದ ಯಾರಿಗೆ ನೋವು. ಆದರೆ ಹೋದ ಗೌರಿ ಹುಣ್ಣಿಮೆಗೆ ತವರಿಗೆ ಹೋದಾಗ, ಸಕ್ಕರೆ ಆರತಿ ಎಲ್ಲ ಮುಗಿದು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ, ನಾನು ಅದೇ ಮಾತು ತೆಗೆದಾಗ, ಅಣ್ಣ ನಗಲಿಲ್ಲ. ನನ್ನ ಮುಖ ನೋಡಿದ, ಅವನ ದನಿ ಎಷ್ಟು ಮೆತ್ತಗಾಗಿತ್ತು ಅಂದರೆ ಬೈದಿದ್ದರೆ ಚೆನ್ನಾಗಿತ್ತು, ಚನ್ನಿ, ಅವ್ವಂದೂ ಹಿಂಗ ಶುರುವಾಗಿತ್ತು ನೋಡವಾ, ಇಲ್ಲದ ಮರದಿಂದ. ಅಷ್ಟೇ ಅಂದದ್ದು. ಅವ್ವ — ಕೊನೆಗಾಲದಲ್ಲಿ ಅವ್ವ ಬಾಗಿಲಲ್ಲಿ ಕೂತು ಅಂಗಳದ ಹುಣಸಿಮರ ಯಾಕ ಕಡಿದ್ರಿ ಅಂತ ಹಾದಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಳು, ನಮ್ಮ ಅಂಗಳದಲ್ಲಿ ಎಂದೂ ಹುಣಸೆಮರ ಇರಲಿಲ್ಲ, ಮರದಿಂದ ಶುರುವಾದದ್ದು ಆಮೇಲೆ ಬರದ ನೆಂಟರಿಗೆ ರೊಟ್ಟಿ ಬಡಿಯುವುದು, ಆಮೇಲೆ ನನ್ನನ್ನೇ ಯಾರವ್ವ ನೀನು ಅನ್ನುವುದು, ಅಷ್ಟು ದೂರ ಹೋಯಿತು ಅದು. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ, ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಎದ್ದು ಹೋಗಿ ನೋಡುತ್ತೇನೆ, ಒಮ್ಮೆ ನರ್ಸರಿಯಲ್ಲಿ ಬದನೆ ಸಸಿಯ ತಟ್ಟೆಯ ಮೇಲೆ ಟೊಮೇಟೊ ಚೀಟಿ ಸಿಕ್ಕಿಸಿದ್ದೆ, ಯಾರಾದರೂ ಮಾಡುವ ತಪ್ಪು, ಆದರೂ ಮನೆಯವರಿಗೆ ಹೇಳಲಿಲ್ಲ, ಚೀಟಿ ಬದಲಿಸಿ ಸುಮ್ಮನಾದೆ. ಆ ಗೊಡ್ಡು ಗಿಡದಲ್ಲಿ ಹಣ್ಣು ಇತ್ತೋ ಇಲ್ಲವೋ, ಇದ್ದರೆ ನನ್ನ ತಲೆ ನೆಟ್ಟಗಿದೆ, ಇಲ್ಲವಾದರೆ ಅವ್ವನ ದಾರಿ ನನ್ನದೂ, ಇಷ್ಟೇ ಲೆಕ್ಕ, ಇದಕ್ಕೆ ಡಾಕ್ಟರು ಬೇಡ, ಗಿಡ ಬೇಕು, ಹುಡುಕುತ್ತೇನೆ ಅಂತ ಚೀಲ ತಗೊಂಡೆ.

ಎಲ್ಲಿ ಅಂತ ಹುಡುಕುವುದು, ಅದಕ್ಕೂ ಅಜ್ಜಿಯೇ ದಾರಿ ಇಟ್ಟು ಹೋಗಿದ್ದಳು, ಊರಿನ ಯಾವ ಹುಡುಗಿ ಮದುವೆಯಾಗಿ ಹೊರಟರೂ ಉಡಿ ತುಂಬುವಾಗ ಅಜ್ಜಿ ಹಾಜರು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅವುಗಳ ಮೇಲೆ ಗೇಣುದ್ದದ ಅಂಜೂರದ ಕಡ್ಡಿ, ತುದಿಗೆ ಸೆಗಣಿ ಮೆತ್ತಿ ಒದ್ದೆ ಅರಿವೆ ಸುತ್ತಿದ್ದು, ಗಂಡನ ಮನ್ಯಾಗ ನಿನಗಂತ ಒಂದು ನೆಳ್ಳು ಇರಲಿ ತಂಗಿ, ಅನ್ನುವಳು, ಇದು ಅಣ್ಣನಿಗೂ ನೆನಪಿದೆ, ಆದರೆ ಅದು ಕೆಂಪಂಜೂರದ ಕಡ್ಡಿ ಅಂತ ಅವನ ವಾದ. ಸರಿ, ಹಾಗಾದರೆ ಕುರುಗೋಡಿನ ಹೆಣ್ಣುಮಕ್ಕಳು ಹೋದ ಮನೆಗಳನ್ನೆಲ್ಲ ನೋಡಿಯೇಬಿಡೋಣ, ಸಿರುಗುಪ್ಪದ ಕೋಟೆ ಓಣಿ ನೋಡಿದೆ, ದೇಶನೂರಿನ ಕಾಲುವೆಯ ಮನೆ ನೋಡಿದೆ, ಮೋಕದಲ್ಲಿ ಒಬ್ಬಾಕೆ ಜೋಳದ ರೊಟ್ಟಿ ಪುಂಡಿಪಲ್ಲೆ ಬಡಿಸಿ ಕಳಿಸಿದಳು, ಗಿಡ ಮಾತ್ರ ಇಲ್ಲ, ಬಳ್ಳಾರಿ ಪೇಟೆಗೆ ಬಂದೆ, ಇಲ್ಲಿಯ ಓಣಿಗಳಲ್ಲೇ ಹೆಚ್ಚು ಜನ, ರೈಲ್ವೆಯವರು, ಮಿಲ್ಲಿನವರು, ಅಂಗಡಿಯವರು, ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ, ನಿಮ್ಮ ಮನ್ಯಾಗ ಹಳೇ ಅಂಜೂರದ ಗಿಡ ಐತೇನ್ರಿ, ಐತಿ ಬರ್ರಿ ಅಂತ ಕರೆದವರ ಹಿತ್ತಲಲ್ಲೆಲ್ಲ ಕೆಂಪು, ಕೆಂಪು, ಕೆಂಪು, ಎಷ್ಟು ಕೆಂಪಂಜೂರ ತಿನ್ನಿಸಿದರು ನನಗೆ, ಹೊಟ್ಟೆ ಕೆಟ್ಟು ಒಂದು ವಾರ ಮಜ್ಜಿಗೆ ಅನ್ನದಲ್ಲಿದ್ದೆ, ಮನೆಯವರು ಅಂದರು, ಊರಿಗೊಂದು ದಾರಿಯಾದರ ನಿನಗೊಂದು ದಾರಿ. ಹೋದ ವಾರ, ಬ್ರೂಸ್‌ಪೇಟೆಯಲ್ಲಿ, ಹಲ್ಲಿಲ್ಲದ ಒಬ್ಬ ಅಜ್ಜಿ, ಅಂಜೂರ ಇಲ್ಲವಾ ನಮ್ಮಲ್ಲಿ ಅಂದಳು, ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ, ಒಂದಿತ್ತು, ಅದು ಹಣ್ಣಾಗದ ಅಂಜೂರ, ಕಾಯಿದ್ದಂಗ ಇದ್ದು ಇದ್ದು ಉದುರೋದು, ಕಡಿಸಿದ್ವಿ. ನನ್ನ ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಹೊಸ್ತಿಲ ಮೇಲೆ, ಹಾಗೇ ನಿಂತೆ. ಅಯ್ಯೋ ಹುಚ್ಚು ಚನ್ನಿ, ಇಡೀ ಬಳ್ಳಾರಿ ಜಿಲ್ಲೆಗೆ ಅಂಜೂರ ಅಂದರೆ ಕೆಂಪಾಗಬೇಕು, ಕೆಂಪಾದರೆ ಹಣ್ಣು, ಇಲ್ಲಿಯವರು ಕಾಯಿಯ ಮುಂದೆ ಕೂತು ಅದು ಕೆಂಪಾಗಲಿ ಅಂತ ಕಾಯುತ್ತಾರೆ, ಅದು ಕೆಂಪಾಗುವ ಜಾತಿಯೇ ಅಲ್ಲ, ಕಾದು ಕಾದು ಬೇಸತ್ತು ಗೊಡ್ಡು ಅಂತ ಕಡಿಯುತ್ತಾರೆ, ನಮ್ಮಪ್ಪ ಕಿತ್ತು ಹಾಕಿಸಿದಂತೆಯೇ, ನಾನು ಇಷ್ಟು ದಿನ ಕೇಳಿದ ಪ್ರಶ್ನೆಯೇ ತಪ್ಪು, ಅಂಜೂರದ ಗಿಡ ಐತೇನ್ರಿ ಅಂದರೆ ಒಳ್ಳೆಯದನ್ನು ತೋರಿಸುತ್ತಾರೆ, ಕೆಟ್ಟದ್ದನ್ನು ಕೇಳಬೇಕಿತ್ತು. ಆ ಅಜ್ಜಿಯ ಗಲ್ಲ ಹಿಡಿದು ಮುದ್ದು ಕೊಟ್ಟೆ, ಪಾಪ ಹೆದರಿದಳು.

ಅವತ್ತಿನಿಂದ ಪ್ರಶ್ನೆ ಬದಲು, ನಿಮ್ಮ ಓಣ್ಯಾಗ ಎಲ್ಲ್ಯಾದ್ರೂ ಹಣ್ಣಾಗದ ಅಂಜೂರ ಐತೇನ್ರಿ, ಜನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು, ಹಣ್ಣಾಗೋದನ್ನ ಬಿಟ್ಟು ಹಣ್ಣಾಗದ್ದು ಯಾಕ ಬೇಕವಾ ನಿನಗ, ಔಷಧಿಗೆ ಅಂದೆ ಕೆಲವರಿಗೆ, ದೇವರ ಹರಕೆ ಅಂದೆ ಕೆಲವರಿಗೆ, ಸುಳ್ಳು ಹೇಳುವುದು ಎಷ್ಟು ಸಲೀಸು ಬಂತು ನೋಡು, ನಿನ್ನೆ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಹೆಂಗಸರ ನಡುವೆ ಕೂತು ಕೇಳಿದಾಗ ಒಬ್ಬಾಕೆ ಮಷೀನು ನಿಲ್ಲಿಸಿದಳು, ಕಂಟೋನ್ಮೆಂಟಿನಾಗ ನಮ್ಮ ಮೌನಿಕಾ ಅಂತ ಅದಾಳ, ಆಕಿ ದಿನಾ ಅದನ್ನ ಬೈಕೋಂತ ಕಸ ಬಳಿತಾಳ, ಅವರ ಮಾವ ಕಡಿಯಾಕ ಬಿಡವಲ್ಲ. ರಾತ್ರಿ ಸಿರುಗುಪ್ಪದ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ — ಇಲ್ಲೇ ಇಲ್ಲೇ, ನೀಲಿ ಗೇಟು ಅಂದಿದ್ದಳು, ನಿಲ್ಲಿಸಪ್ಪ, ಈ ಸಲ ಪಪ್ಪಾಯಿ ಅಲ್ಲ.

ಕಂಟೋನ್ಮೆಂಟ್ ಅಂದರೆ ಅಗಲ ರಸ್ತೆ, ಬೇವಿನ ಮರ, ಬ್ರಿಟಿಷರ ಕಾಲದ ಎತ್ತರದ ಗೋಡೆಗಳ ನಡುವೆ ಈಗಿನವರ ಪುಟ್ಟ ಮನೆಗಳು, ನೀಲಿ ಗೇಟು ಕಿರ್ರೆಂದಿತು, ನೈಟಿ ಮೇಲೆ ಟವೆಲ್ಲು ಹೊದ್ದ ಹುಡುಗಿ, ಹುಡುಗಿಯೇನಲ್ಲ, ಹೈಸ್ಕೂಲಿಗೆ ಹೋಗುವ ಮಕ್ಕಳ ತಾಯಿ, ಮೌನಿಕಾ, ಹಣ್ಣಾಗದ ಅಂಜೂರ ಅಂದ ಕೂಡಲೇ ಅವಳ ಮುಖ ಅರಳಿತು, ನೀವು ಕಡಿಯೋರಾ ಆಂಟಿ ಅಂದಳು, ಪುಣ್ಯಾತ್ಗಿತ್ತಿ, ಮೊದಲು ನೋಡ್ತೀನಿ ಅಂದೆ. ಬಚ್ಚಲ ಹಿಂದೆ, ನೀರು ಹರಿದು ಹೋಗುವಲ್ಲಿ, ಗೋಡೆಗೆ ಒರಗಿಕೊಂಡು ನಿಂತಿದೆ, ಅಬ್ಬಾ, ಎಷ್ಟು ದಪ್ಪ ಬುಡ, ಬೂದಿಬಣ್ಣದ ಮೈ, ಎಂದೂ ಕತ್ತರಿ ಕಾಣದ ಕೊಂಬೆಗಳು ಬಚ್ಚಲ ತಗಡಿನ ಮೇಲೆಲ್ಲ ಹಾಸಿಕೊಂಡಿವೆ, ಎಲೆಯ ಸಂದಿ ಸಂದಿಗೂ ಕಾಯಿ, ಹಸಿರು, ಗಟ್ಟಿ, ಒಂದು ಹಿಸುಕಿದೆ, ಕಲ್ಲು, ಇನ್ನೊಂದು, ಕಲ್ಲು, ಕಿತ್ತು ಕಚ್ಚಿದೆ, ಬೆಳ್ಳಗೆ ಹಾಲು ಬಂತು, ತುಟಿ ಉರಿಯಿತು, ಕಹಿ, ಒಗರು, ಒಳಗೆ ಬೆಳ್ಳಗೆ ಹತ್ತಿಯಂಥದು, ಉಗುಳಿದೆ. ನಾ ಹೇಳಿದ್ನಲ್ಲ ಆಂಟಿ, ಇದು ಹಿಂಗ, ಒಳಗಾ ಕೊಳಿತಾವ, ಇರಿವಿ ಮುತ್ತಿ ಬೀಳ್ತಾವ, ಬಳಿದು ಬಳಿದು ನನ್ನ ಕೈಯೆಲ್ಲ ತುರಿಕಿ, ಭಾನುವಾರ ಮಂದಿ ಬರ್ತಾರ ಕಡಿಯಾಕ, ಮಾವಗ ಇನ್ನೂ ಹೇಳಿಲ್ಲ, ಇಲ್ಲಿ ಕಾರು ನಿಲ್ಲಿಸಾಕ ತಗಡು ಹಾಕ್ಸೋದೈತಿ, ಮೌನಿಕಾ ಹೇಳುತ್ತಲೇ ಇದ್ದಾಳೆ, ನನಗೆ ಕೇಳುತ್ತಿಲ್ಲ, ನಾನು ಬಾಗಿಲಲ್ಲಿ ಕೂತ ಅವ್ವನನ್ನು ನೋಡುತ್ತಿದ್ದೇನೆ, ಇಲ್ಲದ ಮರ, ಇಲ್ಲದ ಹಣ್ಣು, ಎಂಟು ವರ್ಷದ ಹುಡುಗಿ ಕಾಯಿ ತಿಂದು ಹಣ್ಣು ಅಂದುಕೊಂಡದ್ದನ್ನೇ ಮುದುಕಿಯಾಗುವವರೆಗೆ ಹೊತ್ತು ತಿರುಗಿದ್ದೀಯಲ್ಲ ಚನ್ನಿ, ರೋಗ ಬಿದ್ದ ಕೆಂಪಂಜೂರ ಇರಬೇಕು ಇದು, ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತಾರೆ, ಬಿಚ್ಚದೆ ಇದ್ದರೆ ಚೆನ್ನಾಗಿತ್ತು, ಬಾರದೆ ಇದ್ದರೆ ಚೆನ್ನಾಗಿತ್ತು, ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ.

ಯಾರವಾ, ಒಳಗಿನಿಂದ ಕೋಲು ಊರಿಕೊಂಡು ಬಂದರು, ಮೌನಿಕಾಳ ಮಾವ, ರಂಗಣ್ಣ, ರೈಲ್ವೆಯಲ್ಲಿ ಲೈನ್ ನೋಡಿಕೊಂಡು ರಿಟೈರಾದವರಂತೆ, ಬನಿಯನ್ನು, ದಟ್ಟ ಬಿಳಿ ಮೀಸೆ, ಕುರುಗೋಡಿನಾಕಿ ಅಂದೆ, ಅವರ ಕೋಲು ನಿಂತುಬಿಟ್ಟಿತು. ಕುರುಗೋಡಾ, ನಮ್ಮ ಪಾರಮ್ಮಂದೂ ಕುರುಗೋಡ. ಹೆಂಡತಿಯ ಹೆಸರನ್ನು ಹಾಗೆ ಸಲೀಸಾಗಿ ಹೇಳುವ ಆ ವಯಸ್ಸಿನ ಗಂಡಸನ್ನು ನಾನು ನೋಡಿಲ್ಲ, ಉಡಿಯಲ್ಲಿ ತಂದಿದ್ದಳಂತೆ ಕಡ್ಡಿ, ಯಾರೋ ಮುದುಕಿ ಕೊಟ್ಟಿದ್ದಂತೆ, ಬಂದ ಮಾರನೇ ದಿನವೇ ಇಲ್ಲಿ ಊರಿದಳಂತೆ, ಆಗ ಇಲ್ಲಿ ಗೋಡೆಯೂ ಇರಲಿಲ್ಲವಂತೆ, ಮಗ ಹುಲಿಗೇಶ, ಈ ಮೌನಿಕಾಳ ಗಂಡ, ಹುಟ್ಟಿದ ವಾರದಲ್ಲೇ ತೀರಿಹೋದಳಂತೆ, ಗಿಡ ಕಾಯಿ ಬಿಟ್ಟದ್ದು ಅದರ ಮುಂದಿನ ವರ್ಷ, ಪಾರಮ್ಮ, ಪಾರಮ್ಮ, ನನಗೆ ಆ ಮುಖ ನೆನಪಿಗೆ ಬರುತ್ತಿಲ್ಲ, ಮದುಮಗಳು ಅಂದರೆ ಆಗ ನನಗೆ ಬರೀ ಹಸಿರು ಬಳೆ, ಆದರೆ ಮುದುಕಿ ಯಾರು ಅಂತ ನನಗೆ ಗೊತ್ತು. ಅವರು ಅಂದರು, ಆಕಿ ಹೇಳಿದ್ಲು, ಬರೋ ವರ್ಷ ಇದರ ಹಣ್ಣು ನೋಡ್ರಿ ಅಂತ. ನಾನೂ ಅವತ್ತಿಂದ ನೋಡಾಕತ್ತೀನಿ. ಒಂದೂ ಹಣ್ಣಾಗಲಿಲ್ಲ. ಮೌನಿಕಾ ನೆಲ ನೋಡಿದಳು, ಪಾಪ, ಅವಳಿಗೂ ಇದು ಗೊತ್ತಿರಲಿಲ್ಲವೇನೋ, ಭಾನುವಾರದ ಮಾತು ಆಡಲಿಲ್ಲ. ಹಣ್ಣು ಅಂದಿದ್ದಳಂತೆ ಪಾರಮ್ಮ, ಹಾಗಾದರೆ ಅಜ್ಜಿ ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದಳು, ಮನೆಮಂದಿಗೆ ಹೇಳದವಳು ಹೊರಟ ಹುಡುಗಿಯರಿಗೆ ಹೇಳುತ್ತಿದ್ದಳು, ಹೇಗೆ ನೋಡಬೇಕು ಅಂತಲೂ ಹೇಳಿರುತ್ತಾಳೆ, ನನಗೂ ಹೇಳಿದ್ದಳಲ್ಲ, ಏನು ಹೇಳಿದ್ದಳು, ಬಾವಿಯ ತಂಪು, ಮಂಜು ಕೂತ ಎಲೆ, ಅಜ್ಜಿಯ ಬಳೆಗಳು ಮೊಣಕೈಗೆ ಜಾರಿವೆ, ಕೊಂಬೆಯ ತುದಿಯಲ್ಲಲ್ಲ, ಒಳಗೆ, ನೆರಳಲ್ಲಿ, ಬಣ್ಣ ನೋಡಬ್ಯಾಡ ಚನ್ನಿ, ಬಣ್ಣ ಸುಳ್ಳು ಹೇಳತೈತಿ, ಕುತ್ತಿಗಿ ನೋಡು, ಕುತ್ತಿಗಿ ಬಾಗಿಸಿದ್ದು ಹಣ್ಣು — ಕುತ್ತಿಗಿ.

ಎದ್ದೆ, ಒಗೆಯುವ ಕಲ್ಲಿನ ಮೇಲೆ ಹತ್ತಿದೆ, ಬೀಳ್ತೀರಿ ಆಂಟಿ, ಬಿದ್ದರೆ ಬೀಳಲಿ, ಸೆರಗು ಸಿಕ್ಕಿಸಿದೆ, ಎರಡೂ ಕೈ ಎಲೆಗಳ ಒಳಗೆ, ಎಲೆ ಕೆನ್ನೆಗೆ ಗೀರುತ್ತಿದೆ, ಗೀರಲಿ, ಇದು ಎತ್ತರಕ್ಕೆ ನಿಂತಿದೆ ಕಾಯಿ, ಇದೂ ಕಾಯಿ, ಇದೂ, ಗೋಡೆಯ ಕಡೆಗೆ, ತಗಡಿನ ಕೆಳಗೆ, ಬಿಸಿಲು ಬೀಳದಲ್ಲಿ, ಬೆರಳಿಗೆ ಏನೋ ತಂಪಾಗಿ ತಗಲಿತು, ನೆಟ್ಟಗಿಲ್ಲ, ಜೋತು ಬಿದ್ದಿದೆ, ಹೊಸ ಸೊಸೆ ಅತ್ತೆಯ ಮುಂದೆ ನಿಂತಂತೆ ತಲೆ ತಗ್ಗಿಸಿದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ, ಅಯ್ಯೋ ಶಿವನೇ ಬೆರಳು ಒಳಗೆ ಹೋಗುತ್ತದೆ, ತಿರುವಿದೆ, ಸದ್ದಿಲ್ಲದೆ ಕೈಗೆ ಬಂತು, ಹಸಿರು, ಎಲೆಯಷ್ಟೇ ಹಸಿರು, ಯಾರು ನೋಡಿದರೂ ಕಾಯಿ ಅಂತಲೇ ಅನ್ನಬೇಕು, ಎರಡೂ ಹೆಬ್ಬೆರಳು ಇಟ್ಟು ಬಿಚ್ಚಿದೆ — ಕೆಂಪು. ಕೆಂಪೋ ಕೆಂಪು, ಒಳಗೆಲ್ಲ ಕೆಂಪು, ರಸ ಮಣಿಕಟ್ಟಿಗೆ ಇಳಿಯಿತು, ಕಲ್ಲಿನ ಮೇಲೆ ನಿಂತವಳೇ ಕೂಗಿದೆನೋ ನಕ್ಕೆನೋ ಗೊತ್ತಿಲ್ಲ, ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಎದ್ದಿತು, ಬಾಯಿಗಿಟ್ಟೆ, ಇದೇ, ಇದೇ ಇದೇ, ಜೇನಿನಂಥ ಸಿಹಿಯಲ್ಲ, ಸಿಹಿಯ ಹಿಂದೆ ಒಂಚೂರು ಹುಳಿ, ಬೀಜ ಹಲ್ಲಿಗೆ ಕರಕರ, ಬಾವಿ, ಅಜ್ಜಿ, ಮುಂಜಾವು, ಎಲ್ಲವೂ ಇತ್ತು, ಎಲ್ಲವೂ ಇದ್ದದ್ದೇ, ನಾನು ಕಟ್ಟಿದ್ದಲ್ಲ, ಕನಸಲ್ಲ, ನನ್ನ ತಲೆ ನೆಟ್ಟಗಿದೆ, ಲೇ ಮೈಲಾರಪ್ಪ, ನೆಟ್ಟಗಿದೆ ಕಣೋ ನನ್ನ ತಲೆ, ಗ್ಯಾಸ್ ಆರಿಸಿದ್ದೆ, ಎಲ್ಲ ದಿನವೂ ಆರಿಸಿದ್ದೆ.

ಇಳಿದೆ, ಉಳಿದರ್ಧ ಕೈಯಲ್ಲಿದೆ, ರಂಗಣ್ಣನವರು ಕೋಲು ಗೋಡೆಗೆ ಒರಗಿಸಿ ನಿಂತಿದ್ದಾರೆ, ನನ್ನ ಕೈ ನೋಡುತ್ತಿದ್ದಾರೆ, ಕೈ ಚಾಚಿದೆ. ಮೌನಿಕಾ ಅಡ್ಡ ಬಂದಳು, ಆದೋನಿ ಕಡೆಯ ಹುಡುಗಿ, ಗಾಬರಿಯಾದರೆ ತೆಲುಗು, ಮಾಮಯ್ಯಾ ವದ್ದು, ಹುಳ ಇರ್ತಾವ ಬ್ಯಾಡ, ಅವರು ಅವಳ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ, ಹಣ್ಣನ್ನು ತೆಗೆದುಕೊಂಡರು, ತಿರುಗಿಸಿ ಹಸಿರು ಮೈ ನೋಡಿದರು, ಮತ್ತೆ ತಿರುಗಿಸಿ ಕೆಂಪು ನೋಡಿದರು, ಹಣ್ಣಾ ಇದು ಅಂತ ಕೇಳಿದರು, ಹೂಂ ಅಂದೆ, ಹಣ್ಣಾಗೇ ಇತ್ತಾ, ಹೂಂ ರೀ, ಪ್ರತಿ ವರ್ಷ ಹಣ್ಣಾಗೇತಿ, ನಮಗ ನೋಡಾಕ ಬರ್ಲಿಲ್ಲ. ಬಾಯಿಗಿಟ್ಟರು. ಹಲ್ಲು ಕಡಿಮೆ, ನಿಧಾನ, ನಾಲಿಗೆಯಲ್ಲೇ ಅಗಿಯುತ್ತಾರೆ, ಕಣ್ಣು ಮುಚ್ಚಲಿಲ್ಲ, ಗಿಡವನ್ನೇ ನೋಡುತ್ತ ತಿಂದರು, ಕೆಂಪು ತಿರುಳು ಆ ಬಿಳಿ ಮೀಸೆಗೆ ಅಂಟಿತು, ಸಣ್ಣ ಸಣ್ಣ ಬೀಜ, ಕೆಂಪು, ಮೌನಿಕಾ ಟವೆಲ್ಲು ಚಾಚಿದಳು, ತೆಗೆದುಕೊಳ್ಳಲಿಲ್ಲ.

ಫೋನ್ ಹಚ್ಚಿದೆ, ವಿಡಿಯೋ, ಬೆರಳಿಗೆ ಅಂಟಂಟು, ಸರಿಯಾಗಿ ಒತ್ತಲೂ ಆಗುತ್ತಿಲ್ಲ, ಅಣ್ಣ ತೋಟದಲ್ಲಿದ್ದ, ಹಿಂದೆ ಬಾವಿಯ ಪಂಪಿನ ಸದ್ದು, ಏನವಾ ಹಸಿರಂಜೂರಿ ಅಂತ ಶುರು ಮಾಡಿದ, ನಾನು ಇನ್ನೊಂದು ತಲೆ ತಗ್ಗಿಸಿದ ಹಣ್ಣನ್ನು ಹುಡುಕಿಟ್ಟುಕೊಂಡಿದ್ದೆ, ಕ್ಯಾಮೆರಾದ ಮುಂದೆ ಹಿಡಿದೆ, ಹಸಿರು ತೋರಿಸಿದೆ, ಸುತ್ತ ತಿರುಗಿಸಿ ತೋರಿಸಿದೆ, ಜಾದೂಗಾರ ಖಾಲಿ ಟೋಪಿ ತೋರಿಸುವಂತೆ, ಆಮೇಲೆ ಬಿಚ್ಚಿದೆ. ಅಣ್ಣನ ಮುಖ ಪರದೆಗೆ ಹತ್ತಿರ ಬಂತು, ಬರೀ ಒಂದು ಕಣ್ಣು, ಕಿವಿ, ಆಮೇಲೆ ಆಕಾಶ, ಫೋನು ಎಲ್ಲೋ ಇಟ್ಟ, ಮತ್ತೆ ತೆಗೆದುಕೊಂಡ. ನಿನ್ನ ತಲಿ ನೆಟ್ಟಗೈತಿ ಬಿಡು ಚನ್ನಿ, ನಂದ ಕೆಟ್ಟಿತ್ತು. ಇಷ್ಟು ವರ್ಷದ ಜಗಳಕ್ಕೆ ಇಷ್ಟು ಸಾಕು ನನಗೆ, ಸಾಕೋ ಸಾಕು, ಊರಿಗೆಲ್ಲ ಡಂಗುರ ಹೊಡೆಸುತ್ತೇನೆ ಅನ್ನುವುದು ಬೇರೆ ಮಾತು, ಹೊಡೆಸುತ್ತೇನೆ, ಬಾವಿಯ ದಂಡೆ ಖಾಲಿ ಮಾಡಿಡು, ಪೈಪ್ ಬೇಕಾದರೆ ಆ ಕಡೆ ಸರಿಸಿಕೋ ಅಂದೆ, ಆಗಲವಾ ಅಂದ, ಆಗಲವಾ, ಮೈಲಾರಪ್ಪನ ಬಾಯಲ್ಲಿ ಆಗಲವಾ, ಆಮೇಲೆ, ಹಂಗಾರ ಅಂಗಳದಾಗ ಹುಣಸಿಮರಾನೂ ಇತ್ತೇನೋ, ನಾವು ಹುಟ್ಟೋಕ ಮುಂಚೆ, ಅಂದ. ಇತ್ತೇನೋ. ಅವ್ವ ಅಷ್ಟು ಸಲ ಕೇಳಿದಳಲ್ಲ, ಒಬ್ಬರೂ ಹೌದವ್ವ ಅನ್ನಲಿಲ್ಲ, ಅಂದಿದ್ದರೆ ನಮ್ಮದೇನು ಹೋಗುತ್ತಿತ್ತು, ಇದು ಆಮೇಲೆ, ಇದನ್ನು ಬಸ್ಸಿನಲ್ಲಿ ಕೂತು ಯೋಚಿಸಬೇಕು, ಈಗ ಕತ್ತರಿ.

ಎಷ್ಟು ಬೇಕಾದ್ರೂ ತಗೊಳ್ಳವಾ ಅಂದರು ರಂಗಣ್ಣ, ಆಕಿ ತಂದದ್ದು ಆಕಿ ಊರಿಗೆ ಹೋಗ್ಲಿ, ಹೆಬ್ಬೆರಳ ದಪ್ಪದ ಕಡ್ಡಿಗಳು, ಚಿಗುರೊಡೆಯುವ ಕಣ್ಣು ಒತ್ತಾಗಿರುವವು, ಓರೆಯಾಗಿ ಕತ್ತರಿಸಿ ಗೋಣಿತಾಟಿನ ಮೇಲೆ ಜೋಡಿಸುತ್ತಿದ್ದೇನೆ, ಇವು ನರ್ಸರಿಯ ನೆರಳಲ್ಲಿ, ಇವು ನೇರ ಕುರುಗೋಡಿಗೆ, ಇವು ಬ್ರೂಸ್‌ಪೇಟೆಯ ಹಲ್ಲಿಲ್ಲದ ಅಜ್ಜಿಗೆ, ಯಾವ ಹುಡುಗಿಯ ಮದುವೆಯಾದರೂ ಇನ್ನು ಉಡಿಗೆ ನಾನು ಹಾಜರು, ಆದರೆ ಕಿವಿಯಲ್ಲಿ ಅಲ್ಲ, ಕೂಗಿ ಹೇಳುತ್ತೇನೆ, ಪಡಸಾಲೆಯ ನಡುವೆ ನಿಂತು ಹೇಳುತ್ತೇನೆ, ಬಣ್ಣ ನೋಡಬ್ಯಾಡ್ರಿ ಅಂತ, ಮೌನಿಕಾ ಒಗೆಯುವ ಕಲ್ಲಿನ ಮೇಲೆ ಹತ್ತಿದ್ದಾಳೆ, ಇದು ಬಾಗೇತೇನು ಆಂಟಿ, ಇದು, ಅವಳ ಬಾಯೂ ಕೆಂಪು, ಗಂಡನಿಗೆ ಫೋನು ಮಾಡಿ ಭಾನುವಾರದ ಮಂದಿ ಬ್ಯಾಡ ಅಂತಿದ್ದಾಳೆ, ಕಾರು ಬೇವಿನ ಮರದ ಕೆಳಗ ನಿಲ್ಲಲಿ ಬಿಡ್ರಿ, ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಯಾರಂದರು, ಗೋಡೆಯಾಚೆಯ ತಲೆಗೂ ಒಂದು ಹಣ್ಣು ಹೋಯಿತು, ಗೆದ್ದೆ ಚನ್ನಿ, ಇವತ್ತು ಬಳ್ಳಾರಿಯನ್ನೇ ಗೆದ್ದೆ, ರಾಯಲ್ ಸರ್ಕಲ್‌ನಲ್ಲಿ ಇಳಿದು ಮಿರ್ಚಿ ಮಂಡಕ್ಕಿ ತಿನ್ನಬೇಕು, ಮನೆಯವರಿಗೂ ಕಟ್ಟಿಸಿಕೊಳ್ಳಬೇಕು, ತಟ್ಟೆಯ ಚೀಟಿಯ ವಿಷಯ ಇನ್ನು ಅವರಿಗೆ ಹೇಳಬಹುದು, ನಗುತ್ತಾರೆ, ನಗಲಿ — ರಂಗಣ್ಣನವರು ಕುರ್ಚಿ ತರಿಸಿಕೊಂಡು ಗಿಡದ ಎದುರಿಗೇ ಕೂತಿದ್ದಾರೆ, ಮೀಸೆಯಲ್ಲಿ ಆ ಕೆಂಪು ಹಾಗೇ ಇದೆ, ಗೋಣಿತಾಟು ಸುತ್ತಬೇಕು, ದಾರ ಎಲ್ಲಿಟ್ಟೆ, ಸಿರುಗುಪ್ಪದ ಬಸ್ಸು ಎಷ್ಟಕ್ಕೋ, ಇಲ್ಲ, ಮೊದಲು ಕುರುಗೋಡು, ಕಡ್ಡಿ ಒಣಗುವ ಮೊದಲು — ಮಾವ ಮೀಸಿ ಒರೆಸಿಕೊಳ್ರಿ ಅಂತ ಮೌನಿಕಾ ಮೇಲಿಂದ ಹೇಳುತ್ತಾಳೆ, ಇರ್ಲಿ ಬಿಡವಾ ಅಂತಾರೆ, ಇರಲಿ ಬಿಡು, ಈ ಕಡ್ಡಿಗೆ ಇನ್ನೊಂದು ಸುತ್ತು ಅರಿವೆ, ಈ ಗಂಟು, ಗಂಟು ಕೂರುತ್ತಿಲ್ಲ, ಕೈ ನಿಂತಿದೆ, ಯಾಕೆ ನಿಂತಿದೆ, ಬಿಳಿ ಮೀಸೆ, ಅದರ ತುದಿಯಲ್ಲಿ ಕೆಂಪು, ಒಂದೆರಡು ಸಣ್ಣ ಬೀಜ, ಬಿಸಿಲಿಗೆ ಆಗಲೇ ಒಣಗುತ್ತಿದೆ, ಪಾರಮ್ಮ ನೋಡ್ರಿ ಅಂದಿದ್ದ ಹಣ್ಣು, ಒರೆಸುತ್ತಿಲ್ಲ ಅವರು, ಬಿಳಿ ಮೀಸೆಯ ತುದಿಯಲ್ಲಿ ಕೆಂಪು